ಲಂಗರಿನ ಸರಪಳಿಯ ಮೇಲಣ ಸೆಳೆತ: ಗಣಕಯಂತ್ರದ ಉತ್ತರವನ್ನು ಓದುವ ಬಗೆ

ಕಡಲಿನಲ್ಲಿ ತೇಲುವ ವಸ್ತುವನ್ನು ಒಂದೆಡೆ ನಿಲ್ಲಿಸಬೇಕಾದರೆ ಅದನ್ನು ಕಟ್ಟಬೇಕು. ಕಟ್ಟಿದ ಹಗ್ಗವಾಗಲಿ ಸರಪಳಿಯಾಗಲಿ ಎಷ್ಟು ಸೆಳೆತವನ್ನು ತಡೆದುಕೊಳ್ಳಬೇಕೆಂಬುದನ್ನು ಮೊದಲೇ ತಿಳಿದಿರಬೇಕು. ನಮ್ಮ ಕರಾವಳಿಯ ದೋಣಿಗಾರರು ಇದನ್ನು ಅನುಭವದಿಂದಲೇ ಬಲ್ಲರು. ಆದರೆ ಸಾವಿರಾರು ಟನ್ನು ತೂಗುವ ಹಡಗು, ಎಣ್ಣೆ ತೆಗೆಯುವ ತೇಲುವೇದಿಕೆ, ಗಾಳಿಯಿಂದ ವಿದ್ಯುತ್ತನ್ನು ಉತ್ಪಾದಿಸುವ ತೇಲುಗೋಪುರ, ಇವುಗಳ ವಿಷಯದಲ್ಲಿ ಅನುಭವವೊಂದೇ ಸಾಲದು. ಒಮ್ಮೆ ಸರಪಳಿ ಹರಿದ ಮೇಲೆ ಕಲಿಯುವ ಪಾಠವು ತೀರ ದುಬಾರಿಯಾದುದು. ಆದುದರಿಂದ ಎಂಜಿನಿಯರರು ಗಣಕಯಂತ್ರದೊಳಗೆ ಒಂದು ಲೆಕ್ಕದ ಕಡಲನ್ನು ನಿರ್ಮಿಸಿ, ಅದರಲ್ಲಿ ಲೆಕ್ಕದ ಅಲೆಗಳನ್ನೆಬ್ಬಿಸಿ, ಲೆಕ್ಕದ ಸರಪಳಿಯೊಂದನ್ನು ಜಗ್ಗಿಸಿ ನೋಡುವರು. ಇದಕ್ಕೆ ಸಿಮ್ಯುಲೇಶನ್ ಎಂದು ಹೆಸರು. ಯಂತ್ರವು ಲಕ್ಷಗಟ್ಟಲೆ ಅಂಕಿಗಳನ್ನು ಹೊರಹಾಕುತ್ತದೆ. ಆ ಅಂಕಿಗಳನ್ನು ಹೇಗೆ ಓದತಕ್ಕದ್ದು ಎಂಬುದೇ ಈ ಪಾಠದ ವಿಷಯ.

ಇದು ದೂರದೇಶದ ಸಂಗತಿಯೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಕಾಸರಗೋಡಿನ ಉತ್ತರಕ್ಕೆ, ಮಂಗಳೂರಿನ ಎದುರಿನ ಕಡಲಲ್ಲಿ, ದೊಡ್ಡ ತೈಲಹಡಗುಗಳು ಬಂದರಿನೊಳಗೆ ಬಾರದೆಯೇ ಎಣ್ಣೆಯನ್ನು ಇಳಿಸುವುದಕ್ಕಾಗಿ 2013ರಲ್ಲಿ ಒಂದು ತೇಲುಬೋಯವನ್ನು ಸ್ಥಾಪಿಸಲಾಯಿತು. ಇಂಥ ಬೋಯಗಳನ್ನು ಸರಪಳಿಗಳಿಂದ ಕಡಲತಳಕ್ಕೆ ಬಿಗಿದಿರುತ್ತಾರೆ. ಪೂರ್ವತೀರದಲ್ಲಿ ಕೃಷ್ಣಾ ಗೋದಾವರೀ ಜಲಾನಯನದ ಆಳನೀರಿನಲ್ಲಿ 2024ರ ಜನವರಿಯಿಂದ ಓ.ಎನ್.ಜಿ.ಸಿ. ಸಂಸ್ಥೆಯು ತೇಲುವ ಹಡಗಿನ ಮೂಲಕ ಎಣ್ಣೆ ತೆಗೆಯತೊಡಗಿತು. ಸ್ಕಾಟ್ಲೆಂಡಿನ ಪೀಟರ್‌ಹೆಡ್ ಪಟ್ಟಣದೆದುರು 2017ರಿಂದ ಐದು ತೇಲುವ ಗಾಳಿಯಂತ್ರಗಳು ತಿರುಗುತ್ತಿವೆ. ಸುಮಾರು 100 ಮೀಟರು ಆಳದ ನೀರಿನಲ್ಲಿ ಪ್ರತಿಯೊಂದನ್ನೂ ಹಿಡಿದಿರುವುದು ಮೂರು ಸರಪಳಿಗಳು ಮಾತ್ರ. ನಮ್ಮೂರ ಎಷ್ಟೋ ಮನೆಗಳ ತರುಣರು ಹಡಗುಗಳಲ್ಲಿಯೂ ಕೊಲ್ಲಿ ದೇಶಗಳ ಕಡಲ ಕೆಲಸಗಳಲ್ಲಿಯೂ ದುಡಿಯುತ್ತಿದ್ದಾರೆ. ಅವರು ಮಲಗುವ ಕೋಣೆಯು ನಿಂತಿರುವುದೂ ಎಷ್ಟೋ ಸಲ ಇಂಥ ಸರಪಳಿಗಳ ಬಲದಿಂದಲೇ ಎಂಬುದನ್ನು ಪಾಲಕರು ಗಮನಿಸಬೇಕು.

ಮೊದಲು ಸರಪಳಿಯ ಆಕಾರವನ್ನು ವಿಚಾರಿಸೋಣ. ಎರಡು ಮೊಳೆಗಳ ನಡುವೆ ಸರಪಳಿಯನ್ನು ಸಡಿಲಾಗಿ ತೂಗುಹಾಕಿದರೆ ಅದು ಒಂದು ಬಾಗಿದ ಗೆರೆಯನ್ನು ಪಡೆಯುತ್ತದೆ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಗೆರೆಯು ಪರವಲಯಕ್ಕೆ ಬಹಳ ಸಮೀಪವಾದುದೆಂದು ಹೇಳಿದನು. ಸಮೀಪವಾದುದು ನಿಜ, ಆದರೆ ಪರವಲಯವಲ್ಲ. ಅದರ ನಿಜಸ್ವರೂಪವನ್ನು 1691ರಲ್ಲಿ ಹೈಗೆನ್ಸ್, ಲೈಬ್ನಿಟ್ಸ್, ಯೋಹಾನ್ ಬರ್ನೂಲಿ ಎಂಬ ಮೂವರು ಪಂಡಿತರು ಬೇರೆ ಬೇರೆಯಾಗಿ ಬಿಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ‘ಕಟೇನಾ’ ಎಂದರೆ ಸರಪಳಿ. ಆದುದರಿಂದ ಈ ಗೆರೆಗೆ ಕೆಟೆನರಿ ಎಂಬ ಹೆಸರು ಬಂತು. ನಾವು ಸರಪಳಿವಕ್ರ ಎನ್ನೋಣ. ಮೊಳೆಗಳ ನಡುವೆ ಹುಟ್ಟಿದ ಈ ಗಣಿತವೇ ಇಂದು ಕಡಲಿನ ಸರಪಳಿಗೆ ಮೊದಲನೆಯ ಅಳತೆಗೋಲಾಗಿದೆ.

ಲಂಗರಿನಿಂದ ಹೊರಟ ಸರಪಳಿಯು ಸ್ವಲ್ಪ ದೂರ ಕಡಲತಳದಲ್ಲಿ ಮಲಗಿರುತ್ತದೆ. ಬಳಿಕ ನಿಧಾನವಾಗಿ ಮೇಲೆದ್ದು ಹಡಗನ್ನು ಸೇರುತ್ತದೆ. ಸರಪಳಿಯನ್ನು ಬಿಗಿಯಾಗಿ ಎಳೆಯುವ ಬಲಕ್ಕೆ ಪಠ್ಯಪುಸ್ತಕಗಳಲ್ಲಿ ಕರ್ಷಣವೆಂದಿದೆ, ಸೆಳೆತವೆಂದರೂ ಸಾಕು. ಇದನ್ನು ನಾವು ಇಲ್ಲಿ ಟನ್ನಿನಲ್ಲಿ ಅಳೆಯುವೆವು, ಎಂದರೆ ಒಂದು ಟನ್ನು ವಸ್ತುವಿನ ತೂಕದಷ್ಟು ಬಲವನ್ನು ಒಂದು ಟನ್ನು ಎನ್ನುವೆವು. ಸರಪಳಿವಕ್ರದ ಗಣಿತದಿಂದ ಒಂದು ಸೊಗಸಾದ ನಿಯಮ ದೊರೆಯುತ್ತದೆ. ತೂಗುವ ಭಾಗದಲ್ಲೆಲ್ಲ ಅಡ್ಡಸೆಳೆತವು ಒಂದೇ ಆಗಿರುತ್ತದೆ. ಸರಪಳಿಯ ಮೇಲ್ತುದಿಯಲ್ಲಿನ ಒಟ್ಟು ಸೆಳೆತವು ಆ ಅಡ್ಡಸೆಳೆತಕ್ಕಿಂತ ಹೆಚ್ಚಾಗಿರುವುದು ನೀರಿನ ಆಳದಷ್ಟು ಉದ್ದದ ಸರಪಳಿಯ ತೂಕದಷ್ಟು ಮಾತ್ರ. ಇದರ ಸಾಧನೆಯನ್ನು ಕಾಲೇಜಿನಲ್ಲಿ ಕಲಿಯುವಿರಿ; ಉಳಿದುದಕ್ಕೆಲ್ಲ ಒಂಬತ್ತನೆಯ ತರಗತಿಯ ಗಣಿತವೇ ಸಾಕು.

ಒಂದು ಲೆಕ್ಕವನ್ನು ಮಾಡಿನೋಡೋಣ. ನೀರಿನ ಆಳ 100 ಮೀಟರು. ಸರಪಳಿಯ ಉದ್ದ 600 ಮೀಟರು. ಸರಪಳಿಯನ್ನು ಮಾಡಿದ ಸರಳಿನ ದಪ್ಪ 76 ಮಿಲಿಮೀಟರು. ಇಂಥ ಸರಪಳಿಯು ಮೀಟರಿಗೆ ಗಾಳಿಯಲ್ಲಿ ಸುಮಾರು 115 ಕಿಲೋ, ನೀರಿನಲ್ಲಿ ಸುಮಾರು 100 ಕಿಲೋ ತೂಗುತ್ತದೆ. ತುಂಬಿದ ಕೊಡವು ಬಾವಿಯ ನೀರಿನೊಳಗಿರುವಾಗ ಹಗುರವಾಗಿದ್ದು, ಮೇಲೆ ಬಂದೊಡನೆ ಭಾರವಾಗುವುದನ್ನು ನೀವು ಬಲ್ಲಿರಿ. ಆದುದರಿಂದ ಇಲ್ಲಿ ನೀರಿನೊಳಗಿನ ತೂಕವನ್ನೇ ಹಿಡಿಯತಕ್ಕದ್ದು. 100 ಮೀಟರು ಆಳಕ್ಕೆ ಸರಿಯಾದ ತೂಕ 10 ಟನ್ನು.

ಗಾಳಿ ಸೌಮ್ಯವಾಗಿರುವಾಗ ಹಡಗು ಸರಪಳಿಯನ್ನು 40 ಟನ್ನು ಬಲದಿಂದ ಅಡ್ಡಕ್ಕೆ ಎಳೆಯುತ್ತಿದೆಯೆಂದಿಟ್ಟುಕೊಳ್ಳಿ. ಮೇಲ್ತುದಿಯ ಸೆಳೆತ 40ಕ್ಕೆ 10 ಕೂಡಿದರೆ 50 ಟನ್ನು. ಈಗ ಅಡ್ಡಸೆಳೆತ 40, ಒಟ್ಟು ಸೆಳೆತ 50. ಇವು ಲಂಬಕೋನ ತ್ರಿಭುಜದ ಒಂದು ಬಾಹು ಮತ್ತು ಕರ್ಣ. ಪೈಥಾಗೋರಸನ ಪ್ರಮೇಯದಂತೆ ಇನ್ನೊಂದು ಬಾಹು, ಅರ್ಥಾತ್ ಕೆಳಮುಖವಾದ ಸೆಳೆತ, 30 ಟನ್ನು. ಈ 30 ಟನ್ನು ಬೇರೇನೂ ಅಲ್ಲ, ತಳದಿಂದ ಮೇಲೆದ್ದು ತೂಗುತ್ತಿರುವ ಸರಪಳಿಯ ತೂಕ. ಮೀಟರಿಗೆ 100 ಕಿಲೋದಂತೆ 300 ಮೀಟರು ಸರಪಳಿ ತೂಗುತ್ತಿದೆ, ಉಳಿದ 300 ಮೀಟರು ತಳದಲ್ಲಿ ಮಲಗಿದೆ.

ಗಾಳಿ ಬಲವಾಯಿತು, ಅಡ್ಡಸೆಳೆತ 120 ಟನ್ನಿಗೆ ಏರಿತು. ಮೇಲ್ತುದಿಯಲ್ಲಿ 130 ಟನ್ನು. ಕೆಳಮುಖ ಸೆಳೆತ 50 ಟನ್ನು. ತೂಗುತ್ತಿರುವ ಸರಪಳಿ 500 ಮೀಟರು, ಮಲಗಿರುವುದು 100 ಮೀಟರು ಮಾತ್ರ. ಅಡ್ಡಸೆಳೆತ 175 ಟನ್ನಾದರೆ? ಮೇಲ್ತುದಿಯಲ್ಲಿ 185, ಕೆಳಮುಖವಾಗಿ 60, ತೂಗುವ ಉದ್ದ 600 ಮೀಟರು. ಎಂದರೆ ಸರಪಳಿಯ ಕೊನೆಯ ಕೊಂಡಿಯೂ ತಳವನ್ನು ಬಿಟ್ಟೇಳುವ ಹೊತ್ತು ಬಂದಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಉತ್ತಮ ಉಕ್ಕಿನ 76 ಮಿಲಿಮೀಟರು ಸರಪಳಿಯು ಹರಿಯುವುದಕ್ಕೆ ಸುಮಾರು 490 ಟನ್ನು ಸೆಳೆತ ಬೇಕು. ಗಣಕಯಂತ್ರದ ಪಟ್ಟಿಯಲ್ಲಿ ‘ಅತ್ಯಧಿಕ ಸೆಳೆತ 185 ಟನ್ನು’ ಎಂದು ಕಂಡ ಅವಸರದ ಓದುಗನು, ಇನ್ನೂ 300 ಟನ್ನು ಮಿಕ್ಕಿದೆಯೆಂದು ಸಮಾಧಾನಪಟ್ಟಾನು. ಸರಪಳಿಗೇನೋ ಅಪಾಯವಿಲ್ಲ. ಆದರೆ ನೆಲವನ್ನು ಉತ್ತು ಹಿಡಿಯುವ ಸಾಮಾನ್ಯ ಲಂಗರು ಅಡ್ಡ ಎಳೆತವನ್ನು ತಡೆಯುವುದಕ್ಕಾಗಿ ಮಾಡಿದುದು. ನೇಗಿಲಿನ ಮೇಳಿಯನ್ನು ಅದುಮುವ ಬದಲು ಮೇಲಕ್ಕೆತ್ತಿದರೆ ಗುಳವು ಮಣ್ಣಿನಿಂದ ಹೊರಬರುವಂತೆ, ಮೇಲ್ಮುಖವಾಗಿ ಎಳೆದಾಗ ಅದರ ಹಿಡಿತ ಕುಗ್ಗುತ್ತದೆ. ಸೆಳೆತ 185 ಟನ್ನನ್ನು ಮೀರಿದೊಡನೆ ಈ ವ್ಯವಸ್ಥೆಯ ದೌರ್ಬಲ್ಯವಿರುವುದು ಸರಪಳಿಯ ಮೇಲ್ತುದಿಯಲ್ಲಲ್ಲ, ಅಂಕಿಯನ್ನು ಓದುವವನು ನೋಡದೆ ಬಿಟ್ಟ ಇನ್ನೊಂದು ತುದಿಯಲ್ಲಿ. ಬಿರುಗಾಳಿ ಬರುವ ಲಕ್ಷಣ ಕಂಡಾಗ ಅನುಭವಿಗಳಾದ ದೋಣಿಗಾರರು ಲಂಗರಿನ ಹಗ್ಗವನ್ನು ಇನ್ನಷ್ಟು ಬಿಡುವರಲ್ಲವೆ? ಅದರ ಕಾರಣ ಇದೇ. ಹಗ್ಗ ಉದ್ದವಾದಷ್ಟೂ ಲಂಗರಿನ ಮೇಲಣ ಎಳೆತವು ನೆಲಕ್ಕೆ ಸಮಾನಾಂತರವಾಗಿ ಉಳಿಯುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಸೆಳೆತ 50ರಿಂದ 130 ಟನ್ನಿಗೆ ಏರುವಾಗ ಹಡಗು ತನ್ನ ಸ್ಥಳದಿಂದ ಎಷ್ಟು ಸರಿಯಿತು? ಲಾಗರಿದಮ್ ಬಲ್ಲವರು ಲೆಕ್ಕಹಾಕಿದರೆ ಸುಮಾರು 9.3 ಮೀಟರು ಎಂದು ತಿಳಿಯುತ್ತದೆ (ಕಬ್ಬಿಣವು ಹಿಗ್ಗುವುದನ್ನು ನಾವು ಇಲ್ಲಿ ಬಿಟ್ಟಿದ್ದೇವೆ). 130ರಿಂದ 185 ಟನ್ನಿಗೆ ಏರುವುದಕ್ಕೆ ಸರಿದ ದೂರವೋ 2.3 ಮೀಟರಿಗಿಂತಲೂ ತುಸು ಕಡಿಮೆ! ಮೊದಲು ಮೀಟರಿಗೆ ಸರಾಸರಿ 8 ಅಥವಾ 9 ಟನ್ನಿನಂತೆ ಏರಿದ ಸೆಳೆತ, ಬಳಿಕ ಮೀಟರಿಗೆ 24 ಟನ್ನಿನಂತೆ ಏರಿತು. ಸಡಿಲಾದ ಸರಪಳಿಯು ಹಡಗಿಗೆ ಮೆತ್ತನೆಯ ಸ್ಪ್ರಿಂಗಿನಂತೆ. ಬಿಗಿದ ಸರಪಳಿಯು ಸರಳಿನಂತೆ. ಆದುದರಿಂದ ಅಲೆ ಎರಡು ಪಟ್ಟಾದರೆ ಸೆಳೆತವೂ ಎರಡು ಪಟ್ಟಾಗುವುದೆಂಬ ತ್ರೈರಾಶಿಕವು ಇಲ್ಲಿ ನಡೆಯದು. ತ್ರೈರಾಶಿಕದಲ್ಲಿ ನಿಪುಣರಾದ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಇಷ್ಟು ಕೈಲೆಕ್ಕವನ್ನು ಮಾಡಬಲ್ಲವನು ಗಣಕಯಂತ್ರವನ್ನು ಸಮೀಪಿಸಬಹುದು. ಮಾಡದವನು ಸಮೀಪಿಸಬಾರದೆಂಬುದು ನಮ್ಮ ಅಭಿಪ್ರಾಯ. ಗಾಳಿ ಅಲೆಗಳಿಲ್ಲದೆ ಯಂತ್ರವು ಕೊಡುವ ಮೊದಲ ಉತ್ತರ, ಎಂದರೆ ಸ್ಥಿರಸ್ಥಿತಿಯ ಉತ್ತರ, ನಮ್ಮ ಕೈಲೆಕ್ಕಕ್ಕೆ ಹೊಂದಿಕೊಳ್ಳಬೇಕು. ಹೊಂದದಿದ್ದರೆ ತೂಕವನ್ನೋ ಆಳವನ್ನೋ ತಪ್ಪಾಗಿ ಬರೆದಿರಬೇಕು. ಮುಂದಿನ ಸಾವಿರ ಪುಟಗಳನ್ನು ಓದುವುದರಿಂದ ಪ್ರಯೋಜನವಿಲ್ಲ.

ಯಂತ್ರವು ಸರಪಳಿಯನ್ನು ಅನೇಕ ಚಿಕ್ಕ ತುಂಡುಗಳಾಗಿ ವಿಭಾಗಿಸುತ್ತದೆ. ಪ್ರತಿ ತುಂಡಿನ ಮೇಲೂ ತೂಕ, ನೀರಿನ ತಳ್ಳುವಿಕೆ, ನೆರೆಯ ತುಂಡುಗಳ ಸೆಳೆತ ಇವನ್ನು ಕೂಡಿಸಿ, ಒಂದು ಸೆಕೆಂಡಿನ ಅಲ್ಪಭಾಗದ ಬಳಿಕ ಅದು ಎಲ್ಲಿರುವುದೆಂದು ನ್ಯೂಟನ್ನನ ನಿಯಮದಂತೆ ಎಣಿಸುತ್ತದೆ. ಹೀಗೆ ಲಕ್ಷಾಂತರ ಸಲ. ನೀರಿನ ತಳ್ಳುವಿಕೆಗೆ ಬಳಸುವ ಸೂತ್ರವನ್ನು 1950ರಲ್ಲಿ ಮಾರಿಸನ್ ಎಂಬವನೂ ಅವನ ಸಹೋದ್ಯೋಗಿಗಳೂ ಪ್ರಕಟಿಸಿದರು. ಅದರ ಒಂದು ಭಾಗವು ನೀರಿನ ವೇಗೋತ್ಕರ್ಷವನ್ನು ಅವಲಂಬಿಸಿದೆ, ಇನ್ನೊಂದು ವೇಗದ ವರ್ಗವನ್ನು. ಸೂತ್ರದೊಳಗಿನ ಗುಣಕಗಳು ಪ್ರಯೋಗದಿಂದ ದೊರೆತವು, ವೇದವಾಕ್ಯಗಳಲ್ಲ. ಗುಣಕವನ್ನು ತುಸು ಬದಲಿಸಿ ಮತ್ತೊಮ್ಮೆ ಎಣಿಸಿದಾಗ ಉತ್ತರವು ಎಷ್ಟು ಬದಲಾಗುವುದೆಂದು ನೋಡದವನು ಉತ್ತರವನ್ನು ಓದಿದವನಲ್ಲ. ತುಂಡುಗಳನ್ನು ಇನ್ನೂ ಚಿಕ್ಕದಾಗಿಸಿದಾಗಲೂ ಉತ್ತರ ನಿಲ್ಲಬೇಕು. ಎಣಿಕೆಯ ಆರಂಭದಲ್ಲಿ ಶಾಂತವಾದ ಕಡಲಿನಲ್ಲಿ ಒಮ್ಮೆಗೇ ಅಲೆಯೆಬ್ಬಿಸಿದುದರಿಂದ ಕಾಣುವ ಕುಲುಕಾಟವನ್ನು ಲೆಕ್ಕಕ್ಕೆ ಹಿಡಿಯಬಾರದು.

ಕೆಲವೊಮ್ಮೆ ಸೆಳೆತದ ಪಟ್ಟಿಯಲ್ಲಿ ಋಣಸಂಖ್ಯೆ ಕಾಣಿಸುತ್ತದೆ. ಸರಪಳಿಯಿಂದ ಎಳೆಯಬಹುದೇ ಹೊರತು ತಳ್ಳಬಹುದೆ? ಆಗದು. ಋಣಸಂಖ್ಯೆಯ ಅರ್ಥವು ಆ ಕ್ಷಣದಲ್ಲಿ ಸರಪಳಿ ಸಡಿಲಾಯಿತೆಂದು. ಅಂಕಿ ಚಿಕ್ಕದಾದುದರಿಂದ ಕಡೆಗಣಿಸುವವರುಂಟು. ಅದು ದೊಡ್ಡ ತಪ್ಪು. ಬಾವಿಯ ಹಗ್ಗ ಸಡಿಲಾಗಿ ಕೊಡವು ಸ್ವಲ್ಪ ಕುಸಿದು ಒಮ್ಮೆಗೇ ನಿಂತಾಗ ಕೈಗೆ ತಾಗುವ ಜಗ್ಗು ಕೊಡದ ತೂಕಕ್ಕಿಂತ ಎಷ್ಟೋ ಹೆಚ್ಚು. ಕಡಲಿನಲ್ಲಿಯೂ ಸಡಿಲಾದ ಸರಪಳಿ ಮರುಕ್ಷಣದಲ್ಲಿ ಜಗ್ಗಿ ಬಿಗಿಯುತ್ತದೆ. ಆ ಜಗ್ಗು ಒಂದು ಸೆಕೆಂಡಿಗಿಂತ ಕಡಿಮೆ ಕಾಲ ಇರಬಹುದು. ಯಂತ್ರವು ಸೆಕೆಂಡಿಗೊಮ್ಮೆ ಮಾತ್ರ ಅಂಕಿಯನ್ನು ಬರೆದಿಡುವಂತೆ ಹೇಳಿದ್ದರೆ ಅದು ಪಟ್ಟಿಯಲ್ಲಿ ಕಾಣದೆಯೇ ಹೋದೀತು.

ಇನ್ನು ಕೊಳವೆಗಳ ವಿಷಯದಲ್ಲಿ ‘ಸೆಳೆತ’ವೆಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ತಳದಿಂದ ಎಣ್ಣೆಯನ್ನು ಮೇಲಕ್ಕೆ ತರುವ ಉಕ್ಕಿನ ಕೊಳವೆಯ ಗೋಡೆಯಲ್ಲಿ ನಿಜವಾಗಿ ಇರುವ ಸೆಳೆತ ಒಂದು. ಒಳಗಿನ ಹೊರಗಿನ ಒತ್ತಡಗಳನ್ನು ಲೆಕ್ಕಕ್ಕೆ ಸೇರಿಸಿದ ಪರಿಣಾಮ ಸೆಳೆತ ಇನ್ನೊಂದು. ಕೊಳವೆಯ ಒಳರಂಧ್ರದ ವಿಸ್ತೀರ್ಣ 500 ಚದರ ಸೆಂಟಿಮೀಟರು, ಒಳಗಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 40 ಕಿಲೋ ಎಂದಿಟ್ಟುಕೊಂಡರೆ ಇವೆರಡರ ಗುಣಲಬ್ಧ 20 ಟನ್ನು. ಹೊರಗಿನ ಒತ್ತಡವನ್ನು ಸದ್ಯಕ್ಕೆ ಬಿಟ್ಟರೆ, ಗೋಡೆಯ ಸೆಳೆತ 10 ಟನ್ನಿದ್ದಾಗ ಪರಿಣಾಮ ಸೆಳೆತವು 10ರಿಂದ 20 ಕಳೆದು ಋಣ 10 ಟನ್ನು. ಗೋಡೆಯ ಉಕ್ಕು ಎಳೆಯಲ್ಪಡುತ್ತಿದ್ದರೂ ಕೊಳವೆಯು ಒತ್ತಿಹಿಡಿದ ಕಂಬದಂತೆ ಪಕ್ಕಕ್ಕೆ ಬಾಗಬಹುದು! ಬಾಗುವುದೇ ಇಲ್ಲವೇ ಎಂಬುದಕ್ಕೆ ಪರಿಣಾಮ ಸೆಳೆತವನ್ನು ನೋಡಬೇಕು. ಉಕ್ಕು ತಾಳುವುದೇ ಎಂಬುದಕ್ಕೆ ಗೋಡೆಯ ಸೆಳೆತವನ್ನು. ಒಂದನ್ನು ಇನ್ನೊಂದೆಂದು ಓದಿದರೆ ಅಂಕಿ ಸರಿಯಾಗಿದ್ದೂ ಅರ್ಥ ತಪ್ಪುತ್ತದೆ.

ಈಗ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಬಿರುಗಾಳಿಯೊಂದನ್ನು ಸಾಮಾನ್ಯವಾಗಿ ಮೂರು ಗಂಟೆಗಳ ಕಾಲ ಎಣಿಸುವುದು ವಾಡಿಕೆ. ಹತ್ತು ಸೆಕೆಂಡಿಗೊಂದು ಅಲೆಯಾದರೆ ಮೂರು ಗಂಟೆಗಳಲ್ಲಿ 1080 ಅಲೆಗಳು. ಈ ಅಲೆಗಳ ಕ್ರಮವನ್ನು ಯಂತ್ರವು ಚೀಟಿಯೆತ್ತಿದಂತೆ ಆರಿಸುತ್ತದೆ. ಮತ್ತೊಮ್ಮೆ ಚೀಟಿಯೆತ್ತಿದರೆ ಅದೇ ಬಿರುಗಾಳಿಯಲ್ಲಿ ಬೇರೊಂದು ಕ್ರಮ, ಬೇರೊಂದು ಅತ್ಯಧಿಕ ಸೆಳೆತ. ಒಂದೇ ಪರೀಕ್ಷೆಯ ಅಂಕಗಳಿಂದ ಹುಡುಗನೊಬ್ಬನ ಯೋಗ್ಯತೆಯನ್ನು ನಿರ್ಣಯಿಸುವ ಪಾಲಕರನ್ನು ನಾವು ಕಂಡಿದ್ದೇವೆ. ಒಂದೇ ಎಣಿಕೆಯ ಅತ್ಯಧಿಕ ಸೆಳೆತವನ್ನು ಬರೆದುಕೊಂಡು ಕೆಲಸ ಮುಗಿಯಿತೆನ್ನುವ ಎಂಜಿನಿಯರನೂ ಅಂಥವನೇ. ಬೇರೆ ಬೇರೆ ಕ್ರಮಗಳಲ್ಲಿ ಅನೇಕ ಸಲ ಎಣಿಸಿ, ದೊರೆತ ಅತ್ಯಧಿಕಗಳು ಹೇಗೆ ಹರಡಿಕೊಂಡಿವೆಯೆಂದು ನೋಡತಕ್ಕದ್ದು.

ನಮ್ಮ ಉದಾಹರಣೆಯಲ್ಲಿ ಸೆಳೆತದ ಸರಾಸರಿ 130 ಟನ್ನು, ಮಾನಕ ವಿಚಲನೆ 20 ಟನ್ನು ಎಂದಿರಲಿ. ಸಾವಿರ ಅಲೆಗಳಲ್ಲಿ ಅತಿ ದೊಡ್ಡದು ಸರಾಸರಿಯಿಂದ ಮಾನಕ ವಿಚಲನೆಯ ಸುಮಾರು 3.7 ಪಟ್ಟು ಮೇಲಿರುವ ಸಂಭವವೇ ಹೆಚ್ಚೆಂದು ಸಂಖ್ಯಾಶಾಸ್ತ್ರವು ಹೇಳುತ್ತದೆ. 20ನ್ನು 3.7ರಿಂದ ಗುಣಿಸಿ 130ಕ್ಕೆ ಕೂಡಿಸಿದರೆ 204 ಟನ್ನು. ಈ ‘ಹೆಚ್ಚು ಸಂಭವನೀಯ’ವೆಂಬ ಅಂಕಿಯನ್ನು ಮೇಲ್ಮಿತಿಯೆಂದು ಭ್ರಮಿಸಬಾರದು, ಅಂಥದೇ ನೂರು ಬಿರುಗಾಳಿಗಳು ಬೀಸಿದರೆ ಸುಮಾರು 63 ಬಿರುಗಾಳಿಗಳಲ್ಲಿ ಸೆಳೆತವು ಅದನ್ನು ಮೀರುತ್ತದೆ. ಮೇಲಾಗಿ ನೀರಿನ ಬಲವು ವೇಗದ ವರ್ಗದಂತೆ ಏರುವುದರಿಂದಲೂ, ಬಿಗಿದ ಸರಪಳಿಯು ಗಡುಸಾಗುವುದರಿಂದಲೂ ನಿಜವಾದ ಸೆಳೆತವು ಈ ಸರಳ ನಿಯಮಕ್ಕಿಂತ ಹೆಚ್ಚಾಗುವುದೇ ರೂಢಿ. ಹಾಗಾಗಿಯೇ ಸುರಕ್ಷಾಂಕವನ್ನು ಇಟ್ಟುಕೊಳ್ಳುವುದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ನಿಯಮಾವಳಿಯಂತೆ, ಅಲೆಗಳೊಡನೆ ಸರಪಳಿಯ ಚಲನೆಯನ್ನೂ ಎಣಿಸಿದಾಗ ಹರಿಯುವ ಬಲವು ಅತ್ಯಧಿಕ ಸೆಳೆತದ 1.67 ಪಟ್ಟಾದರೂ ಇರಬೇಕು. 490ನ್ನು 204ರಿಂದ ಭಾಗಿಸಿದರೆ 2.4. ಸರಪಳಿ ಉತ್ತೀರ್ಣವಾಯಿತು. ಆದರೆ 185 ಟನ್ನಿನಲ್ಲಿಯೇ ಕೊನೆಯ ಕೊಂಡಿ ನೆಲದಿಂದೇಳುವುದೆಂದು ಮೇಲೆ ಕಂಡೆವಲ್ಲ? ಈ ಬಿರುಗಾಳಿಯಲ್ಲಿ ಲಂಗರು ಅನುತ್ತೀರ್ಣವಾಗುವ ಸಂಭವವುಂಟು. 600 ಮೀಟರಿನ ಬದಲು 700 ಮೀಟರು ಸರಪಳಿಯನ್ನು ಕೊಳ್ಳುವುದು ಲೇಸು.

ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಲಾಗದು, ಕನ್ನಡ ಮಾಧ್ಯಮದ ಮಕ್ಕಳಿಗೆ ಇವು ಎಟುಕವು ಎಂದು ಹೇಳುವವರನ್ನು ಗಡಿನಾಡಿನ ನಾವು ಆಗಾಗ ಎದುರಿಸಬೇಕಾಗುತ್ತದೆ. ಮೇಲಿನ ಲೆಕ್ಕದಲ್ಲಿ ಎಟುಕದ ಹೆಜ್ಜೆ ಯಾವುದೆಂದು ಅವರೇ ತೋರಿಸಲಿ.

ಒಂದು ಸರಪಳಿ ಹೇಗಾದರೂ ಹರಿದರೆ ಏನು ಗತಿ ಎಂಬುದನ್ನೂ ಎಣಿಸಿಡುವರು. ಆಗ ಉಳಿದವುಗಳ ಸುರಕ್ಷಾಂಕವು 1.25 ಆದರೂ ಇರಬೇಕೆಂದು ಅದೇ ನಿಯಮಾವಳಿಯ ವಿಧಿ. 2011ರ ಫೆಬ್ರವರಿಯಲ್ಲಿ ಉತ್ತರ ಸಮುದ್ರದ ಬಿರುಗಾಳಿಯೊಂದರಲ್ಲಿ ಗ್ರಿಫನ್ ಆಲ್ಫಾ ಎಂಬ ಎಣ್ಣೆ ತೆಗೆಯುವ ಹಡಗಿನ ಹತ್ತು ಸರಪಳಿಗಳ ಪೈಕಿ ನಾಲ್ಕು ಹರಿದುವು; ಹಡಗು ತನ್ನ ನೆಲೆಯಿಂದ ಸರಿಯಿತು. ಜೀವಹಾನಿಯಾಗಲಿಲ್ಲ. ಒಂದು ಹರಿದಾಗ ಅದರ ಹೊರೆ ನೆರೆಯವುಗಳ ಮೇಲೆ ಬೀಳುವುದರಿಂದ, ಸರಪಳಿಗಳನ್ನು ಒಂದೊಂದಾಗಿ ಬಿಡಿಬಿಡಿಯಾಗಿ ಓದದೆ ಒಟ್ಟಾಗಿಯೂ ಓದಬೇಕಾಗುತ್ತದೆ.

ದೊಡ್ಡ ಬಿರುಗಾಳಿಯೊಂದೇ ಶತ್ರುವಲ್ಲ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಅದು ಬಲಪ್ರಯೋಗವಿಲ್ಲದೆಯೇ ಮುರಿಯುತ್ತದೆ. ಹತ್ತು ಸೆಕೆಂಡಿಗೊಂದರಂತೆ ವರ್ಷಕ್ಕೆ 31 ಲಕ್ಷಕ್ಕೂ ಹೆಚ್ಚು ಅಲೆಗಳು. ಇಪ್ಪತ್ತು ವರ್ಷಗಳಲ್ಲಿ ಸುಮಾರು 6 ಕೋಟಿ 30 ಲಕ್ಷ. ಸೆಳೆತದ ಏರಿಳಿತ ಎರಡು ಪಟ್ಟಾದರೆ ಸರಪಳಿಯ ಸವೆತ ಎರಡರ ಘನ, ಎಂದರೆ ಎಂಟು ಪಟ್ಟು. ದಿನನಿತ್ಯದ ಅಲೆಯ ಏರಿಳಿತ 10 ಟನ್ನು, ಬಿರುಗಾಳಿಯದು 60 ಟನ್ನು ಎಂದಿರಲಿ. ಬಿರುಗಾಳಿಯ ಒಂದು ಅಲೆ ನಿತ್ಯದ 216 ಅಲೆಗಳಿಗೆ ಸಮ. ಸಾವಿರ ಅಲೆಗಳ ಬಿರುಗಾಳಿಯು 2 ಲಕ್ಷ 16 ಸಾವಿರಕ್ಕೆ ಸಮ. ಆರು ಕೋಟಿಯ ಮುಂದೆ ಇದೆಷ್ಟರದು? ಅತ್ಯಧಿಕ ಸೆಳೆತದ ಒಂದೇ ಸಾಲನ್ನು ಓದಿ ಪುಸ್ತಕ ಮುಚ್ಚಿದವನಿಗೆ ಈ ಆರು ಕೋಟಿ ಕಾಣಿಸುವುದೇ ಇಲ್ಲ. ಉಪ್ಪುನೀರಿನ ತುಕ್ಕಿನಿಂದ ಸರಪಳಿ ವರ್ಷವರ್ಷವೂ ತೆಳುವಾಗುವುದು ಬೇರೆ.

ಪ್ರೌಢಶಾಲಾ ವಿದ್ಯಾರ್ಥಿಗಳು ರಜೆಯಲ್ಲಿ ಈ ಲೆಕ್ಕವನ್ನು ಮಾಡಿ ಗಣಿತದ ಅಧ್ಯಾಪಕರಿಗೆ ತೋರಿಸಬೇಕು. ಅದೇ 76 ಮಿಲಿಮೀಟರು ಸರಪಳಿ. ಅಡ್ಡಸೆಳೆತ ಮೇಲಿನಂತೆಯೇ 120 ಟನ್ನು. ಆದರೆ ನೀರಿನ ಆಳ 50 ಮೀಟರು ಮಾತ್ರ. ಆಳವು ಅರ್ಧವಾದುದರಿಂದ ಸರಪಳಿಯೂ ಅರ್ಧ ಸಾಕೆಂದು ಒಬ್ಬನು 300 ಮೀಟರು ಸರಪಳಿಯನ್ನು ತಂದಿದ್ದಾನೆ. ಮೇಲ್ತುದಿಯ ಸೆಳೆತವೆಷ್ಟು? ತೂಗಬೇಕಾದ ಉದ್ದವೆಷ್ಟು? ಅವನು ತಂದ ಸರಪಳಿ ಸಾಕಾದೀತೆ?